ನಾನು ಕೂತಾಗ ಮಾತ್ರ ಬರುವ ಸದ್ದು

ನಮ್ಮ ಕಾರಿಗೆ ಒಂದು ವಿಚಿತ್ರ ಗುಣವಿತ್ತು. ಗ್ಯಾರೇಜು ಕಂಡ ಕೂಡಲೇ ಅದು ಗುಣವಾಗಿಬಿಡುತ್ತಿತ್ತು. ದಾರಿಯುದ್ದಕ್ಕೂ ಗೊಣಗುತ್ತ ಬಂದದ್ದು, ಮೆಕ್ಯಾನಿಕ್ಕು ಕೈ ಒರೆಸಿಕೊಂಡು ಬಂದು ಸ್ಟೇರಿಂಗ್ ಹಿಡಿದನೆಂದರೆ ಗಪ್‌ಚುಪ್. ಹೊಟ್ಟೆನೋವೆಂದು ಮನೆ ತುಂಬ ಉರುಳಾಡಿದ ಕೂಸು ಡಾಕ್ಟರ ಮುಂದೆ ಕಿಲಕಿಲ ನಕ್ಕರೆ ತಾಯಿಯ ಮುಖ ಹೇಗಾಗುತ್ತದೆಯೋ, ನನ್ನ ಮುಖ ಹಾಗಾಗುತ್ತಿತ್ತು. ಡಾಕ್ಟರಾದರೂ ತಾಯಿಯನ್ನು ಕನಿಕರದಿಂದ ನೋಡುತ್ತಾರೆ. ಮೆಕ್ಯಾನಿಕ್ಕುಗಳು ನನ್ನ ಡ್ರೈವಿಂಗ್ ಲೈಸೆನ್ಸನ್ನೇ ಅನುಮಾನದಿಂದ ನೋಡುತ್ತಿದ್ದರು.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮನೆ ಬ್ಯಾಡಗಿಯಲ್ಲಿ. ನಮ್ಮವರದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಎಷ್ಟೋ ವರ್ಷ ಬಸ್ಸಿನಲ್ಲಿ ಯಾರದೋ ಮೊಣಕೈ, ಯಾರದೋ ಚೀಲ, ಯಾರದೋ ಸೀನು ಎಲ್ಲವನ್ನೂ ಸಹಿಸಿಕೊಂಡು ಓಡಾಡಿ, ತಲೆ ಅರ್ಧ ಬೆಳ್ಳಗಾದ ಮೇಲೆ ಕಾರು ಕಲಿತೆ. ಒಂದು ಹಳೆಯ ಸಣ್ಣ ಕಾರು ಬಂತು. ಅಬ್ಬಾ, ಆ ಖುಷಿ! ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಮನಸ್ಸು ಬಂದಲ್ಲಿ ನಿಲ್ಲಿಸಿ ಚಹಾ ಕುಡಿಯಬಹುದು, ಯಾವ ಕಂಡಕ್ಟರೂ ಸೀಟಿ ಊದುವುದಿಲ್ಲ. ಕಿಟಕಿ ಎತ್ತಿಕೊಂಡು ಗಟ್ಟಿಯಾಗಿ ಹಾಡಬಹುದು, ಯಾರೂ ತಿರುಗಿ ನೋಡುವುದಿಲ್ಲ. ಇಡೀ ದಿನದಲ್ಲಿ ನಾನು ಯಾರ ಟೀಚರೂ, ಯಾರ ಹೆಂಡತಿಯೂ, ಯಾರ ಸೊಸೆಯೂ ಅಲ್ಲದ ಹೊತ್ತೆಂದರೆ ಅದೊಂದೇ.

ಇಂಥ ಸುಖಕ್ಕೆ ಮೊದಲ ವಾರವೇ ದೃಷ್ಟಿ ತಾಗಿತು. ತಗ್ಗು ಬಂದಾಗ, ಉಬ್ಬು ಹತ್ತಿ ಇಳಿದಾಗ, ಎಲ್ಲಿಂದಲೋ ‘ಟಿಣ್’ ಎಂಬ ಸದ್ದು. ಗಂಡನಿಗೆ ಹೇಳಿದೆ. ಅವರು ಪೇಟೆಯ ತನಕ ಹೊಡೆದುಕೊಂಡು ಹೋಗಿ ಬಂದರು. ಸದ್ದಿಲ್ಲ.

“ನಾ ಹೊಡಿವಾಗ ಯಾಕ ಬರೂದಿಲ್ಲ ಹೇಳು? ಗಾಡಿ ಬರೋಬ್ಬರಿ ಐತಿ. ನಿನ್ನ ಕ್ಲಚ್ಚು ಬರೋಬ್ಬರಿ ಇಲ್ಲ” ಅಂದರು.

ಕ್ಲಚ್ಚು ಒತ್ತಿದರೆ ಟಿಣ್ ಅನ್ನಲು ಅದೇನು ದೇವಸ್ಥಾನದ ಗಂಟೆಯೆ? ಆದರೂ ನನಗೇ ಸಂಶಯ ಹತ್ತಿತು. ಎಷ್ಟೋ ದಿನ ಕಾಲನ್ನೇ ನೋಡಿಕೊಂಡು ಕಾರು ಹೊಡೆದೆ. ರಸ್ತೆ ನೋಡದೆ ಹೊಡೆಯುವುದು ಸದ್ದಿಗಿಂತ ಅಪಾಯವೆಂದು ಹೊಳೆದಾಗ ಬಸಣ್ಣನ ಗ್ಯಾರೇಜಿಗೆ ಹೋದೆ.

ಬಸಣ್ಣ ಬ್ಯಾಡಗಿಯ ಹಳೆಯ ಮೆಕ್ಯಾನಿಕ್. ಬಾನೆಟ್ ಎತ್ತಿದವನೇ ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿ, “ಯಾರ್ರಿ ಇದಕ್ಕ ಕೈ ಹಚ್ಚಿದವ್ರು?” ಅಂದ. ಇದು ಜಗತ್ತಿನ ಎಲ್ಲ ಮೆಕ್ಯಾನಿಕ್ಕುಗಳ ನಾಂದಿಪದ್ಯ ಎಂದು ನನಗೆ ಆಮೇಲೆ ತಿಳಿಯಿತು. ಯಾವ ಗ್ಯಾರೇಜಿಗೆ ಹೋದರೂ ಹಿಂದಿನವನು ಕಾರನ್ನು ಹಾಳು ಮಾಡಿರುತ್ತಾನೆ. ನಮ್ಮ ಕೈಗೆ ಬಂದ ಮೇಲೆ ಇದನ್ನು ಮುಟ್ಟಿದ ಹಿಂದಿನವನು ಯಾರೂ ಇರಲಿಲ್ಲ, ಹಾಗಾಗಿ ಆ ಪಾಪವೂ ನನ್ನ ತಲೆಗೇ ಬಂತು.

“ಸದ್ದು ಹ್ಯಾಂಗ ಬರತೈತ್ರಿ ಅಕ್ಕೋರ? ಒಮ್ಮಿ ಮಾಡಿ ತೋರಸ್ರಿ.”

ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದೊಂದು ಪಾಠವಿದೆ. ದಬದಬ, ಪಟಪಟ, ಚಟಚಟ. ನಮ್ಮ ಭಾಷೆಗೆ ಕಿವಿ ಬಹಳ ಚುರುಕು. ಮಳೆಗೊಂದು ಸದ್ದು, ಒಗ್ಗರಣೆಗೊಂದು ಸದ್ದು, ಸಿಟ್ಟಿನಿಂದ ಬಾಗಿಲು ಹಾಕಿಕೊಂಡದ್ದಕ್ಕೆ ಇನ್ನೊಂದು. ನಮ್ಮ ಪೂರ್ವಿಕರು ಕಾರು ಇಟ್ಟುಕೊಂಡಿದ್ದರೆ ಬುಷ್ಷಿಗೂ ಬೇರಿಂಗಿಗೂ ಬೇರೆ ಬೇರೆ ಸದ್ದು ಗೊತ್ತುಮಾಡಿಟ್ಟು ನನ್ನ ಮಾನ ಉಳಿಸುತ್ತಿದ್ದರು. ಈಗ ನಾನು ನಡುಬೀದಿಯಲ್ಲಿ ನಿಂತು, “ಟಿಣ್… ಟಿಣ್ಣ… ಹಾಂ, ಟಿಣ್” ಎಂದು ಅಭಿನಯಿಸಬೇಕಾಯಿತು. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಪ್ಪು ಕೆಳಗಿಟ್ಟು ಎದ್ದು ನಮಸ್ಕಾರ ಮಾಡಿದ.

ಬಸಣ್ಣ ಹಳೆಯ ಬುಷ್ ತೆಗೆದು ಹೊಸದು ಹಾಕಿದ. ಸದ್ದು ಹೋಗಲಿಲ್ಲ. ಹೋಗಲಿಲ್ಲವಷ್ಟೇ ಅಲ್ಲ, ದೊಡ್ಡದಾಯಿತು. ಮೊದಲು ‘ಟಿಣ್’ ಇದ್ದದ್ದು ಈಗ ‘ಟಿಣ್‌ಗಲ್’ ಆಯಿತು. ಸೈಲೆನ್ಸರ್ ಬಿಗಿ ಮಾಡಿಸಿದೆ. ಅದರ ಮರುದಿನ ‘ಗಲ್‌ಗಲ್’. ರಿಪೇರಿ ಆದಷ್ಟೂ ರೋಗ ಬೆಳೆಯುವುದನ್ನು ನಾನು ಅಲ್ಲಿಯವರೆಗೆ ಸರಕಾರಿ ರಸ್ತೆಗಳಲ್ಲಿ ಮಾತ್ರ ಕಂಡಿದ್ದೆ.

ಹಾವೇರಿಯಲ್ಲಿ ಒಂದು ದೊಡ್ಡ ಸರ್ವಿಸ್ ಸೆಂಟರ್ ಇದೆ, ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರು. ಹೋದೆ. ಒಳಗೆ ಎಸಿ, ಸೋಫಾ, ಕುಡಿಯಲು ಸಕ್ಕರೆ ಹೆಚ್ಚಾದ ಕಾಫಿ. ಟೈ ಕಟ್ಟಿದ ಒಬ್ಬಾತ ಸ್ಟೇರಿಂಗ್ ಕೆಳಗೆ ಒಂದು ವಾಯರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿದ.

“ಸಿಸ್ಟಮ್‌ನಾಗ ಏನೂ ತೋರಸವಲ್ದು ಮೇಡಂ. ಗಾಡಿ ಕ್ಲಿಯರ್ ಐತಿ.”

“ನಿಮ್ಮ ಸಿಸ್ಟಮ್ಮಿಗೆ ಕಿವಿ ಐತೇನಪಾ?” ಎಂದೆ.

ಆತ ನಕ್ಕು ಕಾರು ಹೊಡೆದು ನೋಡಿದ. ಯಥಾಪ್ರಕಾರ ಮೌನ. ಕಾರು ವಾಪಸ್ ಕೊಟ್ಟಾಗ ನನ್ನ ಇನ್ನೊಂದು ಗೋಳು ಶುರು. ನಮ್ಮವರಿಂದ ಹಿಡಿದು ಈ ಮಂದಿಯೆಲ್ಲ ಕಾರಿನೊಳಗೆ ಕೂರುವ ಮೊದಲು ಮಾಡುವ ಕೆಲಸವೆಂದರೆ ಸೀಟನ್ನು ಹಿಂದಕ್ಕೆ ದಬ್ಬುವುದು. ನಾನು ಗಿಡ್ಡ. ಸೀಟು ಪೂರ್ತಿ ಮುಂದೆ ಬಂದರೇ ನನ್ನ ಕಾಲಿಗೆ ಕ್ಲಚ್ಚು ಎಟುಕುವುದು. ಪ್ರತಿ ಸಲ ಗ್ಯಾರೇಜಿನಿಂದ ಹೊರಟಾಗ ಬಾವಿಯಲ್ಲಿ ಕಾಲು ಇಳಿಬಿಟ್ಟವಳಂತೆ ತಡಕಾಡಿ, ಅವರೆಲ್ಲರನ್ನೂ ಬೈದುಕೊಳ್ಳುತ್ತ ಸೀಟು ಎಳೆದುಕೊಳ್ಳಬೇಕು.

ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ. ಕಿವಿ ಸ್ವಲ್ಪ ಮಂದ, ಮಾತು ಅದಕ್ಕಿಂತ ಕಮ್ಮಿ. ನಾನು ಮೊದಲ ಸಲ ಕಾರು ಹೊಡೆದುಕೊಂಡು ಹೊರಟಾಗ, “ಹುಷಾರು” ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ನನ್ನ ಈ ಸವಾರಿ ಅವರಿಗೆ ಸೇರುವುದಿಲ್ಲ ಎಂದು ನಾನು ತಿಳಿದೆ. ಆದರೆ ಕಾರು ಗ್ಯಾರೇಜಿಗೆ ಹೋಗುವ ಹಿಂದಿನ ಸಂಜೆ ತಪ್ಪದೆ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಹಿಂದಿನ ಸೀಟಿನಲ್ಲಿ ತುಸು ಹೊತ್ತು ಕೂತು ಬರುತ್ತಿದ್ದರು. ವಯಸ್ಸಾದವರು, ಮೆತ್ತಗಿನ ಸೀಟು, ಕೂತುಕೊಳ್ಳಲಿ ಎಂದುಕೊಂಡಿದ್ದೆ.

ಕೊನೆಗೊಂದು ದಿನ ನಮ್ಮವರು ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟರು. “ಸಾಕಿನ್ನ ಶೈಲಾ. ಮೋಟೆಬೆನ್ನೂರಿನ್ಯಾಂವ ಒಬ್ಬ ಕಾರು ಕೇಳ್ಯಾನ. ಶುಕ್ರವಾರ ಬಂದು ಒಯ್ತಾನ. ನಿನಗ ಬಸ್ಸು ಐತೆಲ್ಲ.”

ಬಸ್ಸು ಐತೆಲ್ಲ! ಎಷ್ಟು ಸಲೀಸಾಗಿ ಹೇಳಿದರು! ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ದುಃಖ ಬಂತು. ಕಾರು ಹೋಗುತ್ತದೆಂದಲ್ಲ. ಇಲ್ಲದ ಸದ್ದನ್ನು ಕೇಳಿಸಿಕೊಳ್ಳುವ ಹೆಂಗಸು, ಸ್ಟೇರಿಂಗ್ ಹಿಡಿಯಲು ಲಾಯಕ್ಕಿಲ್ಲದವಳು ಎಂಬ ಹೆಸರು ಹೊತ್ತು ಮತ್ತೆ ಬಸ್ ಹತ್ತಬೇಕಲ್ಲ ಎಂದು. ಅತ್ತೆ ಮಜ್ಜಿಗೆ ಬಡಿಸಿದರು.

ಶಾಲೆಗೆ ರಜೆ ಹಾಕಿ ಕೊನೆಯ ಪ್ರಯತ್ನವೆಂದು ರಾಣೇಬೆನ್ನೂರಿಗೆ ಹೊರಟೆ. ಅಲ್ಲಿ ಮೌಲಾ ಎಂಬ ಮೆಕ್ಯಾನಿಕ್ ಇದ್ದಾನೆ, ಅವನ ಕೈಗೆ ಸಿಕ್ಕ ಗಾಡಿ ಮಾತಾಡುತ್ತದೆ ಎಂದು ಕೇಳಿದ್ದೆ. ಅತ್ತೆ ತಾವೂ ಬರುತ್ತೇನೆಂದು ಸೆರಗು ಹೊದ್ದು ನನ್ನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ದಾರಿಯುದ್ದಕ್ಕೂ ಗಲ್‌ಗಲ್‌ಗಲ್. ಕೇಳಿಸುತ್ತದೆಯೇ ಅತ್ತಿ ಎಂದರೆ, “ಏನು?” ಎಂದರು.

ಮೌಲಾ ಭಾರೀ ಆಳು. ಮಾತೂ ಅಷ್ಟೇ ಭಾರೀ. ಬುಷ್ಷು, ಸೈಲೆನ್ಸರಿನ ಕಥೆಯನ್ನೆಲ್ಲ ಕೇಳಿ, “ನನ್ನ ಮುಂದ ಯಾವ ಸದ್ದು ಅಡಗೂದಿಲ್ರಿ ಅಕ್ಕಾರ” ಎನ್ನುತ್ತ ಸೀಟನ್ನು ಹೋಗುವಷ್ಟೂ ಹಿಂದಕ್ಕೆ ದಬ್ಬಿ ಕೂತ. ಹಿಂದೆ ಅತ್ತೆ ಮೊಣಕಾಲು ಓರೆ ಮಾಡಿಕೊಂಡರು, ಇಳಿಯಲಿಲ್ಲ. ಒಂದು ಸುತ್ತು ಹೊಡೆದು ಬಂದು ಅವನೂ ಅದೇ ಹಾಡು ಹಾಡಿದ: “ಗಾಡಿ ಹೂ ಇದ್ದಂಗ ಐತಲ್ರಿ.”

ನನಗೆ ನೆತ್ತಿಗೇರಿತು. “ಇಳೀರಿ ಕೆಳಗ. ನಾ ಹೊಡಿತೇನಿ, ನೀವು ಬಾಜೂಕ ಕುಂದ್ರಿ” ಎಂದೆ. ಗ್ಯಾರೇಜಿನ ಮಂದಿಯೆಲ್ಲ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ನೋಡುತ್ತ ನಿಂತರು. ಸೀಟು ಮುಂದಕ್ಕೆ ಎಳೆದುಕೊಂಡು ಹೊರಟೆ. ಮೊದಲ ಉಬ್ಬು ಇಳಿದದ್ದೇ ತಡ, ಗಲ್!

ಮೌಲಾ ಬೆಚ್ಚಿದ. “ಬಂತ್ರಿ! ಬಂತು!”

“ಕೇಳಿಸ್ತ?”

“ಕೇಳಿಸ್ತ್ರಿ ಅಕ್ಕಾರ! ಖರೇನ ಐತಿ!”

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿಬಂತು. ರೋಗ ಪತ್ತೆಯಾದ ಸಂತೋಷಕ್ಕಲ್ಲ. ಕೊನೆಗೂ ಇನ್ನೊಂದು ಜೋಡಿ ಕಿವಿ ನನ್ನ ಕಡೆ ಸಾಕ್ಷಿ ಹೇಳಿತಲ್ಲ ಎಂದು.

ಕಾರು ನಿಲ್ಲಿಸಿ, ಮೌಲಾ ಹಿಂದಿನ ಸೀಟಿಗೆ ಹೋಗಿ ಅತ್ತೆಯ ಪಕ್ಕದಲ್ಲಿ ತನ್ನ ದೊಡ್ಡ ಮೈಯನ್ನು ಹೇಗೋ ಮಡಚಿ, ತಲೆ ನೆಲಕ್ಕೆ ತಾಗಿಸಿ, “ಈಗ ನಡಸ್ರಿ” ಎಂದ. ನಾನು ಉಬ್ಬು ಹುಡುಕಿ ಹುಡುಕಿ ಹೊಡೆದೆ. ಊರಲ್ಲಿ ಉಬ್ಬುಗಳಿಗೇನು ಬರವಿರಲಿಲ್ಲ.

“ಇಲ್ಲೇ ಐತ್ರಿ, ನಿಮ್ಮ ಸೀಟಿನ ಬುಡಕ! ಅಮ್ಮಾ, ಕಾಲು ಒಂಚೂರು ತಗೀರಿ.”

“ಅಲ್ಲೇನಿಲ್ಲ ತಗಿ” ಎಂದರು ಅತ್ತೆ. ಕಿವಿ ಮಂದ ಇರುವವರಿಗೆ ಈ ಮಾತು ಚೆನ್ನಾಗಿ ಕೇಳಿಸಿತ್ತು.

“ಐತಿ ಅಮ್ಮಾ, ಕೈಗೆ ಹತ್ತಾಕತ್ತೈತಿ…”

ಫಟ್! ಮೌಲಾನ ಕೈಗೆ ಏಟು ಬಿತ್ತು. “ಮುಟ್ಟಬ್ಯಾಡೋ! ಹನುಮಪ್ಪನ ಮುಡುಪು ಅದು!”

ನಾನು ಬ್ರೇಕ್ ಒತ್ತಿದೆ.

ನಾವೆಲ್ಲ ಇಳಿದು ಬಗ್ಗಿ ನೋಡಿದೆವು. ಸೀಟಿನ ಕೆಳಗಿನ ಸ್ಪ್ರಿಂಗಿಗೆ ಅರಿಶಿನದ ದಾರದಿಂದ ಕಟ್ಟಿದ ಒಂದು ಸ್ಟೀಲಿನ ಕುಂಕುಮದ ಡಬ್ಬಿ. ಕಳೆದುಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ ಡಬ್ಬಿ! ಒಳಗೆ ಹರಕೆಯ ರೊಕ್ಕ. ಮೌಲಾ ಸೀಟನ್ನು ಹಿಂದಕ್ಕೆ ದಬ್ಬಿದ. ಸೀಟು ತುಸು ತಗ್ಗಿ, ಡಬ್ಬಿ ಮ್ಯಾಟಿಗೆ ಒತ್ತಿಕೊಂಡು ಸುಮ್ಮನೆ ಕೂತಿತು. ಮುಂದಕ್ಕೆ ಎಳೆದ. ಅದು ತೂಗಾಡಿ ಕಬ್ಬಿಣಕ್ಕೆ ಬಡಿದು ಗಲ್ ಎಂದಿತು. ನಡುರಸ್ತೆಯಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಬುಷ್ ಬದಲಿ ಮಾಡಿದ್ರ ಹರಕಿ ಹ್ಯಾಂಗ ಕಡಿಮಿ ಆಕ್ಕೈತ್ರಿ!”

ಅತ್ತೆ ತಪ್ಪು ಮಾಡಿದ ಹುಡುಗಿಯಂತೆ ಸೆರಗಿನ ತುದಿ ತಿರುವುತ್ತ ಹೇಳಿದರು. ನಾನು ಮೊದಲ ದಿನ ಹಾವೇರಿಗೆ ಹೊರಟಾಗ ಅವರ ಎದೆ ಡವಡವ ಅಂದಿತ್ತಂತೆ. ಸೊಸೆ ಸುಖರೂಪ ತಿರುಗಾಡಲೆಂದು ಕದರಮಂಡಲಗಿ ಹನುಮಪ್ಪನಿಗೆ ಬೇಡಿಕೊಂಡು ಒಂದು ರೂಪಾಯಿ ಡಬ್ಬಿಗೆ ಹಾಕಿ ಕಟ್ಟಿದರು. ಆಮೇಲೆ ಕಾರಿಗೆ ಜಡ್ಡು ಬಂತೆಂದು ಕೇಳಿ, ಗ್ಯಾರೇಜಿಗೆ ಹೋದಾಗಲೆಲ್ಲ ಇನ್ನೊಂದು ಹಾಕಿದರು. ನಾವು ಔಷಧಿಯನ್ನೇ ರೋಗವೆಂದು ತಿಳಿದು ಊರೂರು ತಿರುಗಿದ್ದೆವು.

“ನಿನ್ನಿ ರಾತ್ರಿ ಮತ್ತೊಂದು ಹಾಕೇನಿ” ಎಂದು ಮೆಲ್ಲಗೆ ಸೇರಿಸಿದರು. “ಕಾರು ಮಾರಬಾರದು ಅಂತ.”

ನಾನು ನಕ್ಕೆ, ನಗುತ್ತಲೇ ಅವರ ಕೈ ಹಿಡಿದುಕೊಂಡೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಇವರ ಮನಸ್ಸನ್ನು ನಾನು ಎಷ್ಟು ತಪ್ಪಾಗಿ ಓದಿದ್ದೆ! ಪಾಪ, ನನಗಾಗಿ ಎಷ್ಟು ಸಲ ದೇವರಿಗೆ ಕೈ ಮುಗಿದ ಜೀವ ಎಂದು ಅಭಿಮಾನ ಉಕ್ಕಿಬಂತು.

ನಮ್ಮವರು ವಿಷಯ ಕೇಳಿ ಮೋಟೆಬೆನ್ನೂರಿನವನಿಗೆ ಫೋನ್ ಮಾಡಿ ಬರಬೇಡ ಎಂದರು. ಆಮೇಲೆ ಮೀಸೆ ತಿರುವಿ, “ನಾ ಮೊದಲಿಗೇ ಹೇಳಿದ್ನೆಲ್ಲ, ಗಾಡಿ ಬರೋಬ್ಬರಿ ಐತಿ ಅಂತ” ಎಂದರು. ಗಂಡಸರಿಗೆ ಸೋಲಿನಲ್ಲೂ ಒಂದು ಗೆಲುವು ಸಿಕ್ಕೇ ಸಿಗುತ್ತದೆ.

ಭಾನುವಾರ ಮುಡುಪು ಒಪ್ಪಿಸಲು ಹೊರಟಾಗ ನಮ್ಮವರು ಕಾರಿನ ಕೀಲಿಗೆ ಕೈ ಚಾಚಿದರು. ಅತ್ತೆ ತಡೆದರು. “ಹರಕಿ ಆಕಿ ಹೆಸರೀಲೆ ಐತಿ. ಆಕೀನ ಹೊಡೀಬೇಕು. ನೀ ಅಂಗಡಿ ನೋಡ್ಕೊ ಹೋಗು.” ಮೊದಲ ಸಲ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಬೆಲ್ಟು ಹಾಕಿದರೆ, “ಇದೇನ ನನ್ನ ಕಟ್ಟಿ ಒಯ್ತೀಯೇನ” ಎಂದು ನಕ್ಕರು. ಕದರಮಂಡಲಗಿಯಲ್ಲಿ ಡಬ್ಬಿಯನ್ನು ಹುಂಡಿಗೆ ಬಗ್ಗಿಸಿ, ಕೈ ಮುಗಿದು, ಕಾಯಿ ಒಡೆಸಿಕೊಂಡು ಬಂದೆವು. ಕಾರು ತುಪ್ಪದಲ್ಲಿ ಕೈ ಆಡಿಸಿದಷ್ಟು ನುಣ್ಣಗೆ ಓಡುತ್ತಿತ್ತು.

ಮನೆಯ ದಾರಿ ಹಿಡಿಯುವ ಹೊತ್ತಿಗೆ ಅತ್ತೆ ಕೇಳಿದರು: “ಇಲ್ಲಿಂದ ಗಳಗನಾಥ ಭಾಳ ದೂರ ಏನ?”

“ಯಾಕ್ರಿ ಅತ್ತಿ?”

“ವರದಾ, ತುಂಗಭದ್ರಾ ಎರಡೂ ಕೂಡತಾವಂತ ಅಲ್ಲಿ. ಮದಿವ್ಯಾಗಿ ಬಂದಾಗಿಂದ ನೋಡಬೇಕಂತ ಕೇಳಾಕತ್ತೇನಿ. ಮೊದಲ ನಿಮ್ಮ ಮಾವಗ ಪುರಸೊತ್ತು ಇರಲಿಲ್ಲ. ಈಗ ನನ್ನ ಮಗಗಿಲ್ಲ.”

ನಾನು ಕಾರು ನಿಧಾನ ಮಾಡಿ ಅವರ ಮುಖ ನೋಡಿದೆ. ಅವರು ನೇರವಾಗಿ ರಸ್ತೆಯನ್ನೇ ನೋಡುತ್ತಿದ್ದರು.

“ಮತ್ತ, ಮಾರಬಾರದು ಅಂತ ಹರಕಿ ಹೊತ್ತಿದ್ದು ಬರೇ ನಿನ್ನ ಸಲುವಾಗಿ ಅಂತ ತಿಳದಿಯೇನ?” ಎಂದರು. “ಹೊಳ್ಳಿಸು ಲಗೂನ.”

ನಾನು ಇಂಡಿಕೇಟರ್ ಹಾಕಿದೆ.