ಬೆಲ್ಟಿಗೆ ಬಳಿದ ವಿಭೂತಿ

ನನ್ನ ಮಾವನಿಗೂ ನನಗೂ ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು: ಅವರನ್ನು ಕಂಡರೆ ನನಗಾಗದು, ನನ್ನನ್ನು ಕಂಡರೆ ಅವರಿಗಾಗದು. ಗೇಟಿನ ಚಿಲಕದಿಂದ ಹಿಡಿದು ಸಾರಿನ ಹುಳಿಯ ತನಕ ಜಗಳಕ್ಕೆ ಕಾರಣ ಸಿಗದ ದಿನವಿರಲಿಲ್ಲ. ನನ್ನ ಗಂಡ ಇಬ್ಬರಿಗೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ ಆಫೀಸಿಗೆ ಹೋಗಿಬಿಡುತ್ತಿದ್ದ.

ದೊಡ್ಡ ಜಗಳ ಮುಂದಿನ ಕೋಣೆಯದು. ಆಲ್ಕೊಳದ ನಮ್ಮ ಮನೆಯಲ್ಲಿ ರಸ್ತೆಗೆ ಬಾಗಿಲಿರುವ ಕೋಣೆ ಅದೊಂದೇ. ಭಾನುವಾರ ಅಲ್ಲಿ ನಾನು ಕಾರ್ಯಾಗಾರ ನಡೆಸುತ್ತಿದ್ದೆ. ದುರ್ಗಿಗುಡಿ ಕಡೆಯಿಂದ ಕಾಲೇಜು ಹುಡುಗಿಯರು, ಹೊಲಿಗೆ ಬಲ್ಲ ಹೆಂಗಸರು ಬರುತ್ತಿದ್ದರು. ಕರೆಂಟು ಹರಿಯುವ ಉಕ್ಕಿನ ದಾರದಲ್ಲಿ ಬಟ್ಟೆಯ ಮೇಲೇ ಸರ್ಕ್ಯೂಟು ಹೊಲಿಯುವುದು ನಮ್ಮ ಕೆಲಸ. ಬೆರಳಿಗೆ ಬೆರಳು ತಾಗಿಸಿದರೆ ಸ್ವರ ಹೊರಡಿಸುವ ಕೈಗವಸು, ಗಿರ್ರನೆ ತಿರುಗಿದರೆ ಅಂಚು ಮಿನುಗುವ ಲಂಗ, ಸವರಿದರೆ ಬೆಕ್ಕಿನಂತೆ ಗುರುಗುಟ್ಟುವ ಟೋಪಿ, ಇಂಥವು. ನನಗೆ ಎಲ್ಲಕ್ಕಿಂತ ಹೆಮ್ಮೆಯದ್ದು ಬೆಲ್ಟು. ಕಟ್ಟಿಕೊಂಡವರು ಬೆನ್ನು ಬಗ್ಗಿಸಿ ಕೂತರೆ ಅದರೊಳಗಿನ ಎರಡು ಪಟ್ಟಿ ಒಂದಕ್ಕೊಂದು ತಾಗಿ, "ಅಯ್ಯೋ, ನೆಟ್ಟಗೆ ಕೂತ್ಕೊಳ್ರೀ!" ಎಂದು ಕೂಗುತ್ತಿತ್ತು. ಧ್ವನಿ ನನ್ನದೇ.

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೈಗೆ ಗ್ರೀಸು ಹತ್ತದ ಕೆಲಸವನ್ನು ಅವರು ಕೆಲಸವೆಂದು ಒಪ್ಪುತ್ತಿರಲಿಲ್ಲ. "ಅಲ್ಲಿ ಸೋಗಾನೇಲಿ ವಿಮಾನ ಇಳೀತಿದೆ, ಇಲ್ಲಿ ಇವಳು ಟೋಪಿ ಕೈಲಿ ಗುರ್ ಅನ್ನಿಸ್ತಾ ಕೂತಿದಾಳೆ" ಎಂದು ಬಂದವರ ಮುಂದೆಯೇ ಹೇಳುತ್ತಿದ್ದರು. ನನ್ನ ಶಿಷ್ಯೆಯರು ನಗುತ್ತಿದ್ದರು. ಅವರ ನಗು ನನ್ನನ್ನು ಮಾವನ ಮಾತಿಗಿಂತ ಹೆಚ್ಚು ಉರಿಸುತ್ತಿತ್ತು.

ಆ ವರ್ಷ ದಸರೆಗೆ ಸ್ವಲ್ಪ ಮೊದಲು ಮೊಬೈಲ್ ರಿಪೇರಿ ಅಂಗಡಿಯವನೊಬ್ಬ ಬಂದು ಕೋಣೆಯನ್ನು ನೋಡಿಕೊಂಡು ಹೋದ. ನನ್ನ ಟೇಬಲ್ಲಿನ ಮೇಲೆ ಕೈಯಿಟ್ಟು ಅಳತೆ ಬೇರೆ ಹಾಕಿದ. ನಾನು ಕೇಳಿದ್ದಕ್ಕೆ ಮಾವ, "ಹಬ್ಬ ಕಳೀಲಿ, ಅವನಿಗೆ ಕೊಡ್ತೀನಿ. ನಿನ್ನ ಗಿಲಕಿಗಳನ್ನ ಅಟ್ಟದ ಮೇಲೆ ಹಾಕ್ಕೊ" ಎಂದರು. ಮನೆ ಅವರದು, ಮಾತು ಮುಗಿಯಿತು. ಅಟ್ಟಕ್ಕೆ ಹೋದರೆ ನನ್ನ ಕಾರ್ಯಾಗಾರವೂ ಮುಗಿದ ಹಾಗೇ ಎಂದು ನನಗೆ ಗೊತ್ತಿತ್ತು. ಏಣಿ ಹತ್ತಿ ಬಂದು ಯಾರು ಕಲಿಯುತ್ತಾರೆ?

ಅದೇ ಹೊತ್ತಿಗೆ ಭದ್ರಾವತಿಯ ಒಂದು ಶಾಲೆಯವರು ದಸರಾ ರಜೆಯ ಶಿಬಿರಕ್ಕೆ ಕರೆದಿದ್ದರು. ವಿಜಯದಶಮಿಯ ಮಾರನೇ ದಿನ ಶುರು. ಶಿಬಿರ ಚೆನ್ನಾಗಿ ನಡೆದು ಹೆಸರು ಬಂದರೆ ಮಾವನ ಬಾಯಿ ಮುಚ್ಚಿಸಬಹುದೆಂದು ನಾನು ಲೆಕ್ಕ ಹಾಕಿದ್ದೆ. ಬೆಲ್ಟು, ಕೈಗವಸು, ಟೋಪಿ ಎಲ್ಲಕ್ಕೂ ಹೊಸ ಸೆಲ್ಲು ಹಾಕಿ, ಪರೀಕ್ಷಿಸಿ, ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟೆ.

ಆಯುಧಪೂಜೆಯ ಹಿಂದಿನ ಸಂಜೆ ಮಾವ ಅಂಗಳದಲ್ಲಿ ಕೂತು ತಮ್ಮ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು. ಕಾರ್ಖಾನೆ ಬಿಟ್ಟರೂ ಈ ಪೂಜೆಯನ್ನು ಅವರು ಬಿಟ್ಟವರಲ್ಲ. ಸ್ಕೂಟರು, ನೀರಿನ ಮೋಟರು, ಮಿಕ್ಸಿ, ಕೊನೆಗೆ ಈಳಿಗೆಮಣೆಗೂ ವಿಭೂತಿ, ಕುಂಕುಮ, ಹೂವು. ನನ್ನ ಟೇಬಲ್ಲಿಗೆ ಮಾತ್ರ ಒಂದು ವರ್ಷವೂ ಒಂದು ಎಸಳು ಬಿದ್ದಿರಲಿಲ್ಲ. ಅಂದು ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

"ಈಳಿಗೆಮಣೆಗಿರೋ ಮರ್ಯಾದೆ ನನ್ನ ಸಾಮಾನಿಗಿಲ್ಲ, ಅಲ್ವಾ ಮಾವ?"

"ಆಯುಧಕ್ಕೆ ಪೂಜೆ ಮಾಡ್ತಾರೆ ಮಾರಾಯ್ತಿ. ಆಟದ ಸಾಮಾನಿಗಲ್ಲ."

"ನಾನು ಅನ್ನ ದುಡಿಯೋದು ಅದರಿಂದ. ನಿಮ್ಮ ಸ್ಪ್ಯಾನರ್ ಈಗ ಏನು ದುಡೀತಿದೆ?"

ಅವರ ಕೈಯಲ್ಲಿದ್ದ ಬಟ್ಟೆ ನಿಂತಿತು. ಗೆದ್ದೆ ಎಂದುಕೊಂಡು ಒಳಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಶಿಬಿರದ ಕೋಣೆ ನೋಡಿ ಬರಲು ಭದ್ರಾವತಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸು, ಲಾರಿಗಳ ಮೂತಿಗೆ ಬಾಳೆಕಂದು ಕಟ್ಟಿದ್ದರು. ಮಧ್ಯಾಹ್ನ ವಾಪಸು ಬಂದು ನಮ್ಮ ಬೀದಿಗೆ ತಿರುಗುತ್ತಲೇ ನನ್ನದೇ ಕೂಗು ಕೇಳಿಸಿತು. "ಅಯ್ಯೋ, ನೆಟ್ಟಗೆ ಕೂತ್ಕೊಳ್ರೀ! ಅಯ್ಯೋ, ನೆಟ್ಟಗೆ ಕೂತ್ಕೊಳ್ರೀ!" ಒಂದಲ್ಲ, ಎಲ್ಲ ಬೆಲ್ಟುಗಳೂ ಸೇರಿ ಒಂದರ ಮೇಲೊಂದು ಬಿದ್ದು ಕಿರುಚುತ್ತಿದ್ದವು. ಜೊತೆಗೆ ಕೈಗವಸುಗಳ ಅಪಸ್ವರ, ಟೋಪಿಗಳ ಗುರುಗುರು. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಕೈಯೂರಿ ನಿಂತಿದ್ದರು.

ಓಡಿ ಒಳಗೆ ನುಗ್ಗಿದೆ. ಮಾವ ಮಡಿಪಂಚೆಯುಟ್ಟು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಗಂಧದಕಡ್ಡಿ ಹಿಡಿದು ಕೋಣೆಯ ನಡುವೆ ನಿಂತಿದ್ದರು. ಟೇಬಲ್ಲಿನ ಮೇಲಿದ್ದ ಪ್ರತಿಯೊಂದಕ್ಕೂ ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆದಿದ್ದರು, ನಡುವೆ ಕುಂಕುಮ, ಮೇಲೆ ಚೆಂಡುಹೂವು. ಎರಡು ಪಟ್ಟಿ ತಾಗಿದರೆ ಕೂಗಬೇಕೆಂದು ಮಾಡಿದ ಬೆಲ್ಟು ಅದು. ನಡುವೆ ನೀರು, ಬೂದಿ ಮೆತ್ತಿದರೆ ಅದಕ್ಕೆ ತಾಗಿದ ಹಾಗೇ ಲೆಕ್ಕ.

"ಏನು ಮಾಡಿದ್ರಿ ಇದು!"

"ನೀನೇ ಅಂದ್ಯಲ್ಲ, ಪೂಜೆ ಮಾಡ್ದೆ. ಇವು ಯಾಕಿಂಗೆ ಬಡ್ಕೊಳ್ತಿದಾವೆ?"

"ಒದ್ದೆ ವಿಭೂತಿ ಹಚ್ಚಿದ್ರೆ ಬಡ್ಕೊಳ್ದೆ ಇನ್ನೇನು ಮಾಡ್ತವೆ?"

"ಒಣ ವಿಭೂತಿ ಕಬ್ಬಿಣಕ್ಕೆ ನಿಲ್ಲುತ್ತಾ?"

"ಇದು ಕಬ್ಬಿಣ ಅಲ್ಲ!"

"ಉಕ್ಕಿನ ದಾರ ಅಂತ ನೀನೇ ಹೇಳ್ತಿದ್ದೆ."

ಸೆಲ್ಲು ಕೀಳಲು ಕೈಹಾಕಿದೆ. ಅವರು ಅಡ್ಡ ಬಂದರು. ನಾಳೆ ಪೂಜೆ ಎತ್ತುವ ತನಕ ಮುಟ್ಟಬಾರದಂತೆ. ಅವರ ಕಾರ್ಖಾನೆಯಲ್ಲಿ ಆ ದಿನ ಸ್ಪ್ಯಾನರು ಮುಟ್ಟಿದವನನ್ನು ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ನಾಳೆಯ ತನಕ ಬಿಟ್ಟರೆ ಒಂದೂ ಉಳಿಯುತ್ತಿರಲಿಲ್ಲ. ನಾನು ಅವರನ್ನು ದಾಟಿ ಹೋಗಿ ಹೂವನ್ನೆಲ್ಲ ನೆಲಕ್ಕೆ ಸುರಿದು ಒಂದೊಂದೇ ಸೆಲ್ಲು ಕಿತ್ತೆ. ಕೂಗು ನಿಂತಿತು, ನನ್ನದು ನಿಲ್ಲಲಿಲ್ಲ.

"ಕೋಣೆ ಬೇಕಲ್ಲ ನಿಮಗೆ, ಅದಕ್ಕೇ ಬೇಕಂತಲೇ ಹಾಳು ಮಾಡಿದ್ರಿ! ಕೊಟ್ಬಿಡಿ ಅವನಿಗೆ, ಇವತ್ತೇ ಕೊಟ್ಬಿಡಿ!"

ಮಾವ ನೆಲದ ಮೇಲಿನ ಹೂವುಗಳನ್ನು ನೋಡಿದರು. ಗಂಧದಕಡ್ಡಿಯನ್ನು ಕಿಟಕಿಯ ಸಂದಿಗೆ ಸಿಕ್ಕಿಸಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಹಳೇ ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ಟು ತಂದು ಶಾಪ ಹಾಕುತ್ತ ಉಜ್ಜಲು ಕೂತೆ. ಟೋಪಿಗಳು ಸತ್ತೇ ಹೋಗಿದ್ದವು. ಕೈಗವಸುಗಳಲ್ಲಿ ಅರ್ಧ ಉಳಿದವು.

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನ ಸದ್ದಾಯಿತು. ಮೊಬೈಲ್ ರಿಪೇರಿಯವನು. ನಾನು ಬ್ರಶ್ಶು ನಿಲ್ಲಿಸಿದೆ. ಬಾಯಾರೆ ನಾನೇ ಕೊಡಿ ಎಂದಿದ್ದೆ, ಇನ್ನು ಅವರು ಬಿಡುತ್ತಾರೆಯೇ?

"ಅಜ್ಜಾರೆ, ನಾಡಿದ್ದು ಸಾಮಾನು ತರ್ಲಾ?"

"ಬೇಡಪ್ಪ. ಬೇರೆ ಕಡೆ ನೋಡ್ಕೊ."

"ಯಾಕೆ, ಮಾತಾಗಿತ್ತಲ್ಲ?"

"ಆಗಿತ್ತು. ಇವತ್ತು ಪೂಜೆ ಮಾಡ್ಬಿಟ್ಟೆ. ಅವಳ ಆಯುಧ ಕೂರ್ಸಿದ ಜಾಗ ಅದು. ಎತ್ತಿ ಅಟ್ಟಕ್ಕೆ ಹಾಕಕ್ಕಾಗುತ್ತಾ?"

ಅವನು ಗೊಣಗುತ್ತ ಹೋದ. ನಾನು ತಲೆಯೆತ್ತಿ ನೋಡಿದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಚೌಕಟ್ಟಿನ ಮೇಲ್ಪಟ್ಟಿಗೆ ಅಂಗಡಿಯ ಬಾಗಿಲಿಗೆ ಎಳೆಯುವಂತೆ ಮೂರು ಗೆರೆ ವಿಭೂತಿ ಎಳೆದಿದ್ದರು. ಒಳಗೆ ನುಗ್ಗುವಾಗ ನನಗೆ ಅದೊಂದೂ ಕಂಡಿರಲಿಲ್ಲ.

ಕಿಟಕಿಯಾಚೆಯಿಂದ ಮಾವ ಒರಟಾಗಿ ಹೇಳಿದರು, "ಮುಂದಿನ ವರ್ಷ ಸೆಲ್ಲು ಬಿಚ್ಚಿಟ್ಟಿರು."

"ಮುಂದಿನ ವರ್ಷ ನೀರು ಕಲಸ್ಬೇಡಿ" ಎಂದು ನಾನೂ ಅಷ್ಟೇ ಒರಟಾಗಿ ಹೇಳಿದೆ. ಬೈಯಲು ಇನ್ನೂ ಬೇಕಾದಷ್ಟಿತ್ತು. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಸಿಟ್ಟು ಇನ್ನೂ ಹೆಚ್ಚಾಯಿತು.

ಕೊನೆಯ ಬೆಲ್ಟು ಒಣಗಿತ್ತು. ಬದುಕಿದೆಯೋ ಇಲ್ಲವೋ ನೋಡೋಣವೆಂದು ಸೆಲ್ಲು ಹಾಕಿ ಬಗ್ಗಿಸಿದೆ.

"ಅಯ್ಯೋ, ನೆಟ್ಟಗೆ ಕೂತ್ಕೊಳ್ರೀ!"

ಕಟ್ಟೆಯ ಮೇಲೆ ಬಗ್ಗಿ ಕೂತಿದ್ದ ಮಾವ ನನ್ನನ್ನು ಬೈಯುತ್ತಲೇ ಬೆನ್ನು ನೆಟ್ಟಗೆ ಮಾಡಿದರು.