ಹನ್ನೊಂದು ಕುರ್ಚಿಗೆ ಮೂರು ಹೆಸರು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿಸಿ ಕೂತಿದ್ದೆ, ಅಷ್ಟರಲ್ಲಿ ದುಬೈಯಿಂದ ನಾದಿನಿ ಶೈಲಜಾಳ ಫೋನು ಬಂತು. "ಅತ್ತಿಗೆ, ಬರೀ ಊರು ನೋಡ್ಕೊಂಡು ಹೋಗೋಣ ಅಂದ್ಕೊಂಡಿದ್ರೆ ಮರೆತುಬಿಡಿ. ನಮ್ಮ ಕನ್ನಡ ಸಂಘದ ಚುನಾವಣೆ ಇದೆ. ನಿಮ್ಮನ್ನೇ ಚುನಾವಣಾಧಿಕಾರಿ ಮಾಡಿದೀವಿ!" ಎಂದಳು. ನಾನು ಒಪ್ಪಿದೆನೋ ಇಲ್ಲವೋ ಎಂದು ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ ಅನ್ನಿ. ಚುನಾವಣೆ ಅಂದರೆ ಈಗಲೂ ನನ್ನ ಕಾಲಿಗೆ ಚಕ್ರ ಬರುತ್ತದೆ.

ಹಿಂದೆ ನಾನು ಹುಣಸೂರು ಕಡೆಯಿಂದ ಎರಡು ಸಲ ಜಿಲ್ಲಾ ಪಂಚಾಯಿತಿಗೆ ಗೆದ್ದಿದ್ದೆ, ಒಂದು ಅವಧಿಗೆ ಅಧ್ಯಕ್ಷೆಯೂ ಆಗಿದ್ದೆ. ಅಲ್ಲಿ ಸದಸ್ಯರನ್ನು ಆಯಾ ಕ್ಷೇತ್ರದ ಜನ ಆರಿಸುತ್ತಾರೆ, ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಆ ಕುರ್ಚಿ ಯಾವ ವರ್ಗಕ್ಕೆ ಎಂಬುದು ಸರದಿಯ ಮೇಲೆ ಬದಲಾಗುತ್ತದೆ. ನಮ್ಮದು ತಾಲ್ಲೂಕಿನಲ್ಲೆಲ್ಲ ಹುಡುಕಿದರೂ ಒಂದು ಬೀದಿ ತುಂಬದಷ್ಟು ಸಣ್ಣ ಜಾತಿ. ಸರದಿ ಬರದಿದ್ದರೆ ಆ ಕುರ್ಚಿಯ ಹತ್ತಿರವೂ ನಾನು ಸುಳಿಯುತ್ತಿರಲಿಲ್ಲ. ಆದ್ದರಿಂದ ಕಡಿಮೆ ಜನ ಇರುವವರ ಮಾತು ಬಂದರೆ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ನಾಲ್ಕು ಗಂಟೆಯ ಹಾರಾಟ. ಕೆಳಗೆ ಮರಳು, ಆಮೇಲೆ ಮರಳಿನ ಮೇಲೆ ಗೆರೆ ಎಳೆದಂಥ ರಸ್ತೆಗಳು, ಆಮೇಲೆ ಒಮ್ಮೆಲೇ ಕಟ್ಟಡಗಳು. ನಮ್ಮ ಮೈಸೂರಿನ ಚಳಿಗಾಲದ ಸಂಜೆಯಂಥ ಹಿತವಾದ ಗಾಳಿ ಬೀಸುತ್ತಿತ್ತು. ಶೈಲಜಾ ಗೇಟಿನ ಹತ್ತಿರ ಕೈ ಬೀಸುತ್ತ ನಿಂತಿದ್ದಳು. ಅವಳು ಒಂದು ವಿಮಾ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ, ಅಲ್ ಬರ್ಷಾದಲ್ಲಿ ಮಾಲ್‌ಗೆ ನಡೆದು ಹೋಗುವಷ್ಟು ಹತ್ತಿರದ ಫ್ಲಾಟಿನಲ್ಲಿ ಮನೆ. ಮನೆ ಮುಟ್ಟುವ ಮೊದಲೇ ಕಾರಿನಲ್ಲಿ ಇಡೀ ಕಥೆ ಹೇಳಿದಳು.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಹನ್ನೊಂದು ಸ್ಥಾನ. ಪ್ರತಿಯೊಬ್ಬ ಸದಸ್ಯನೂ ಚೀಟಿಯಲ್ಲಿ ಹನ್ನೊಂದು ಹೆಸರು ಬರೆಯಬಹುದು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಉಡುಪಿ, ಮಂಗಳೂರು ಕಡೆಯವರು. ಅವರೆಲ್ಲ ಅದೇ ಹನ್ನೊಂದು ಹೆಸರು ಬರೆದರೆ ಮುಗಿಯಿತು, ಹನ್ನೊಂದೂ ಅವರದ್ದೇ. ಮೈಸೂರು ಕಡೆಯ ಶೈಲಜಾ ಎರಡು ಸಲ ನಿಂತು ಸೋತಿದ್ದಳು. ಬೀದರ್, ಕಲಬುರಗಿ ಕಡೆಯವರಂತೂ ನಿಲ್ಲುವುದನ್ನೇ ಬಿಟ್ಟಿದ್ದರು. ಈ ಸಲ ಅವಳು ಒಂದು ತಿದ್ದುಪಡಿ ತಂದಿದ್ದಳು: ಹನ್ನೊಂದು ಕುರ್ಚಿಯನ್ನು ಕರ್ನಾಟಕದ ಭಾಗಗಳ ಪ್ರಕಾರ ಹಂಚಬೇಕು, ಪ್ರತಿ ಭಾಗಕ್ಕೂ ಮೀಸಲು ಇರಬೇಕು. ಅದು ಪಾಸಾಗಲು ಸಭೆಯ ಮೂರನೇ ಎರಡರಷ್ಟು ಜನ ಕೈ ಎತ್ತಬೇಕು.

"ಇಷ್ಟೊಂದು ತಲೆ ಯಾಕೆ ಕೆಡಿಸ್ಕೊಂಡಿದೀಯೇ? ಸಂಘ ತಾನೆ?" ಎಂದೆ.

"ಅತ್ತಿಗೆ, ಇಲ್ಲಿ ನಮಗೆ ಓಟಿಲ್ಲ. ಊರಲ್ಲಿ ಇದ್ರೂ ಹಾಕೋಕೆ ವಿಮಾನ ಹತ್ತಿ ಹೋಗಬೇಕು. ನಮ್ಮ ಕೈಗೆ ನಿಜವಾಗಿ ಸಿಗೋ ಓಟು ಇದೊಂದೇ" ಎಂದಳು.

ಮಾರನೆಯ ದಿನ ಇಬ್ಬರೂ ಮೆಟ್ರೊ ಹಿಡಿದೆವು. ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಓಡಿಸುವವನೇ ಇಲ್ಲದ ರೈಲು! ನಾನು ಮಕ್ಕಳಂತೆ ಗಾಜಿಗೆ ಮುಖ ಒತ್ತಿ ಕೂತೆ. ಒಂದು ಕಡೆ ಇಳಿದು ಇನ್ನೊಂದು ಮಾರ್ಗ ಹಿಡಿದು ನೈಫ್ ಎಂಬ ಹಳೆಯ ಪೇಟೆ ತಲುಪಿದೆವು. ಅಲ್ಲಿ ದುಬೈ ಪೂರ್ತಿ ಬೇರೆ. ಇಕ್ಕಟ್ಟಾದ ಬೀದಿ, ತಳ್ಳುಗಾಡಿಯಲ್ಲಿ ಬಟ್ಟೆಯ ಗಂಟು, ಅತ್ತರಿನ ವಾಸನೆ, ಹತ್ತು ಭಾಷೆಯ ಚೌಕಾಸಿ. ಚಿಕ್ಕಪೇಟೆಗೆ ಬಂದಷ್ಟು ಖುಷಿಯಾಯಿತು.

ಸಂಘದ ಅಧ್ಯಕ್ಷ ಸದಾಶಿವ ಶೆಟ್ಟರ ಪಾತ್ರೆ ಅಂಗಡಿ ಅಲ್ಲೇ. ಕಾಪು ಕಡೆಯವರು, ಹರೆಯದಲ್ಲೇ ಇಲ್ಲಿಗೆ ಬಂದವರು. ಅವರ ಮೇಲೆ ಸಿಟ್ಟು ಇಟ್ಟುಕೊಂಡು ಹೋಗಿದ್ದೆ, ಐದು ನಿಮಿಷದಲ್ಲಿ ಕರಗಿತು. ಕರಕ್ ಚಾ ಎಂಬ ಗಟ್ಟಿ ಹಾಲಿನ ಚಹಾ ತರಿಸಿದರು, ಪಕ್ಕದ ಹೋಟೆಲಿನಿಂದ ಬಿಸಿ ಗೋಳಿಬಜೆ ಬಂತು.

"ನಾವು ಮೋಸ ಮಾಡ್ಲಿಲ್ಲ ಮಾರಾಯ್ರೆ, ಓಟು ಹಾಕಿದ್ದು ಅಷ್ಟೇ. ಗುರ್ತ ಇದ್ದವರ ಹೆಸರು ಬರೀತಾರೆ ಜನ. ಅದು ತಪ್ಪಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಉಡುಪಿಯವನಿಗೆ ಒಂದು ಕುರ್ಚಿ, ಬೀದರಿನವನಿಗೆ ಒಂದು ಕುರ್ಚಿ ಅಂತ ಪಾಲು ಮಾಡಿದ್ರೆ ನಾಳೆ ಜಾತಿಗೊಂದು ಕೇಳ್ತಾರೆ. ಆಗ ಸಂಘ ಎಲ್ಲಿ ಉಳೀತದೆ ಹೇಳಿ? ಇಲ್ಲಿ ನಾವೆಲ್ಲ ಕನ್ನಡದವರು ಅಂತ ಒಂದಾದದ್ದು. ಅದನ್ನು ಒಡೆಯುವುದು ನನ್ನ ಕೈಯಿಂದ ಆಗ್ಲಿಕ್ಕಿಲ್ಲ" ಎಂದರು. ಶೈಲಜಾ ಜಗಳಕ್ಕೇ ನಿಂತಳು. ನನಗೆ ಮಾತ್ರ ಅವರ ಭಯದಲ್ಲಿ ಹುರುಳಿದೆ ಅನ್ನಿಸಿತು. ಸಿಟ್ಟಿನಲ್ಲಿ ಹೊರಬಿದ್ದ ಶೈಲಜಾಳನ್ನು ಎಳೆದುಕೊಂಡು ಹೋಗಿ ಆಬ್ರಾ ಎಂಬ ಮರದ ದೋಣಿಯಲ್ಲಿ ಕೂರಿಸಿದೆ. ತಲೆಗೆ ಒಂದು ದಿರ್ಹಮ್ ಕೊಟ್ಟು, ಊರಿನ ನಡುವೆ ಕಡಲು ಒಳನುಗ್ಗಿದ ಖಾರಿ ದಾಟಿದೆವು. ಕಡಲಹಕ್ಕಿಗಳು ನಮ್ಮ ತಲೆಯ ಮೇಲೇ ಹಾರುತ್ತಿದ್ದವು. ಆಚೆ ದಡ ಮುಟ್ಟುವಷ್ಟರಲ್ಲಿ ಅವಳೂ ನಕ್ಕಳು.

ಮುಂದಿನ ಪಯಣ ರಾಸ್ ಅಲ್ ಖೋರ್. ಒಂದು ಬದಿ ಜೌಗಿನಲ್ಲಿ ಗುಲಾಬಿ ಬಣ್ಣದ ರಾಜಹಂಸಗಳ ಹಿಂಡು ನಿಂತಿದೆ, ಹಿಂದೆ ಗಾಜಿನ ಗೋಪುರಗಳ ಸಾಲು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಗ್ಯಾರೇಜುಗಳು, ಬಿಚ್ಚಿಟ್ಟ ಎಂಜಿನ್ನುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಒಂದು ದೊಡ್ಡ ಗ್ಯಾರೇಜಿನಲ್ಲಿ ಸಂಘದ ಸದಸ್ಯ ಮಲ್ಲಿಕಾರ್ಜುನ ಎಂಬವರು ಮೇಲ್ವಿಚಾರಕ. ಬೀದರ್ ಜಿಲ್ಲೆಯ ಔರಾದ ಕಡೆಯವರು, ದಪ್ಪ ಮೀಸೆ, ಜೋರು ನಗು. "ಬರ್ರೀ ಅಕ್ಕಾರ, ಬರ್ರೀ!" ಎಂದು ಒಳಗೆ ಕರೆದು, ತಮ್ಮ ಕೋಣೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಡಿಸಿದರು. ದುಬೈಯಲ್ಲಿ ಜೋಳದ ರೊಟ್ಟಿ ತಟ್ಟುವವರಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಊಟದ ನಡುವೆ ಅವರು ಒಂದು ಸಂಗತಿ ಹೇಳಿದರು. ಕಳೆದ ವರ್ಷ ಆಳಂದದ ಹುಡುಗನೊಬ್ಬ ಕೆಲಸದಲ್ಲಿ ಮೇಲಿನಿಂದ ಬಿದ್ದು ಆಸ್ಪತ್ರೆ ಸೇರಿದ. ಊರಿನಲ್ಲಿ ಅವನ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಗ ಇದ್ದಾನೋ ಇಲ್ಲವೋ ಎಂದು ಹೇಳುವವರೇ ಇಲ್ಲದೆ ಆಕೆ ದಿನಗಟ್ಟಲೆ ಅನ್ನ ಬಿಟ್ಟಿದ್ದರು. ಕೊನೆಗೆ ಮಲ್ಲಿಕಾರ್ಜುನರಿಗೆ ಹೇಗೋ ಸುದ್ದಿ ಗೊತ್ತಾಗಿ ಫೋನು ಮಾಡಿದರು. ಹುಡುಗ ಈಗ ಹುಷಾರಾಗಿದ್ದಾನೆ.

"ಸಂಘದವರು ಕೆಟ್ಟವರಲ್ರೀ. ಗೊತ್ತಾಗಿದ್ರ ಓಡಿ ಬರ್ತಿದ್ರು. ಆದ್ರ ಅವರಿಗಿ ಹೇಳೋರು ಯಾರು? ನಮ್ಮ ಮಂದೀನ ಬಲ್ಲವರು ಒಬ್ಬರೂ ಅಲ್ಲಿಲ್ಲ" ಎಂದರು. ಶೈಲಜಾ ಕೂಡಲೇ ತನ್ನ ತಿದ್ದುಪಡಿಯ ಮಾತೆತ್ತಿದಳು. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ್ರೀ ತಂಗಿ. ಬೀದರ್ ಕುರ್ಚಿ ಅಂತ ಬೇರೆ ಇಟ್ರ, ಕರುಣಾ ಮಾಡಿ ಕೂಡಿಸಿದಂಗ ಆಗ್ತದ. ಗೆದ್ದು ಕೂಡಬೇಕ್ರೀ."

ಶೈಲಜಾಳ ಮುಖ ಬಿದ್ದುಹೋಯಿತು. ಇನ್ನೊಂದು ತೊಡಕೂ ಇತ್ತು. ಸಭೆ ಇಟ್ಟದ್ದು ಶನಿವಾರ ಮಧ್ಯಾಹ್ನ. ಕಚೇರಿಯವರಿಗೆ ಅಂದು ರಜೆ, ಗ್ಯಾರೇಜಿನವರಿಗೆ ದುಡಿಮೆಯ ದಿನ. ಅವರಿಗೆ ರಜೆ ಭಾನುವಾರ ಮಾತ್ರ.

ಸದಾಶಿವ ಶೆಟ್ಟರು ನಮ್ಮನ್ನು ಅಬುಧಾಬಿಗೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದರು. ಜಗಳವಾಡಿದ್ದರೂ ಮಾತು ತಪ್ಪಲಿಲ್ಲ. ನೂರ ನಲವತ್ತು ಕಿಲೋಮೀಟರು, ಬಾಣ ಬಿಟ್ಟಂತೆ ನೇರ ರಸ್ತೆ. ಬಿಳಿ ಅಮೃತಶಿಲೆಯ ದೊಡ್ಡ ಮಸೀದಿಯ ಅಂಗಳದಲ್ಲಿ ತಲೆಗೆ ಬಟ್ಟೆ ಹೊದ್ದು ನಿಂತಾಗ, ಅಷ್ಟು ಜನರಿದ್ದೂ ಅಷ್ಟೊಂದು ನಿಶ್ಶಬ್ದ ಹೇಗೆ ಸಾಧ್ಯ ಎಂದು ಬೆರಗಾದೆ. ಕಡಲ ದಂಡೆಯಲ್ಲಿ ನಡೆಯುತ್ತಿದ್ದಾಗ ಶೆಟ್ಟರು ಹುಮ್ಮಸ್ಸಿನಿಂದ ಈ ದೇಶದ ಕಥೆ ಹೇಳಿದರು. ಎಮಿರೇಟು ಎಂಬ ಏಳು ಸಂಸ್ಥಾನಗಳು, ಸರ್ಕಾರಕ್ಕೆ ಸಲಹೆ ಕೊಡುವ ಒಂದು ರಾಷ್ಟ್ರೀಯ ಸಭೆ. ಅಬುಧಾಬಿ, ದುಬೈಗೆ ಅಲ್ಲಿ ಎಂಟೆಂಟು ಸ್ಥಾನ. ತೀರಾ ಸಣ್ಣ ಎಮಿರೇಟುಗಳಿಗೂ ನಾಲ್ಕು ನಾಲ್ಕು ಉಂಟು.

"ಜನ ಲೆಕ್ಕ ಹಾಕಿದ್ರೆ ಅವಕ್ಕೆ ಅಷ್ಟು ಬರ್ಲಿಕ್ಕಿಲ್ಲ. ಆದ್ರೂ ಕೊಟ್ಟಿದ್ದಾರೆ ನೋಡಿ. ಹಾಗೆ ಎಲ್ಲ ಒಟ್ಟಿಗೆ ಉಂಟು" ಎಂದರು.

"ಒಡೆದುಹೋಗಲಿಲ್ಲ ಅಲ್ವಾ?" ಎಂದೆ ನಾನು.

ಶೆಟ್ಟರು ಗಕ್ಕನೆ ನಿಂತು ನನ್ನ ಮುಖ ನೋಡಿದರು. "ಅದು ದೇಶ ಮೇಡಂ, ಇದು ಸಂಘ" ಎಂದು ನಕ್ಕುಬಿಟ್ಟರು. ಸೋಲಲಿಲ್ಲ. ಆದರೆ ವಾಪಸು ಬರುವ ದಾರಿಯಲ್ಲಿ ಗ್ಯಾರೇಜಿನವರಿಗೆ ಶನಿವಾರ ರಜೆಯಿಲ್ಲ ಎಂದು ನಾನು ಹೇಳಿದಾಗ, "ಅದು ನಂಗೆ ಹೊಳೀಲೇ ಇಲ್ಲ" ಎಂದರು. ಕಾರು ನಿಲ್ಲಿಸಿ ಸಭಾಂಗಣದವರಿಗೆ ಫೋನು ಮಾಡಿ, ಸಭೆಯನ್ನು ಭಾನುವಾರಕ್ಕೆ ಬದಲಾಯಿಸಿದರು. "ಖಲಾಸ್! ಎಲ್ರೂ ಬರ್ಲಿ. ಬಂದು ನನ್ನನ್ನು ಸೋಲಿಸ್ಲಿ ಬೇಕಾದ್ರೆ!"

ಒಬ್ಬರಿಗೆ ಪಾಲು ಮಾಡುವುದು ಬೇಡ, ಇನ್ನೊಬ್ಬರಿಗೆ ಕರುಣೆಯ ಕುರ್ಚಿ ಬೇಡ. ಹಾಗಾದರೆ ದಾರಿ ಯಾವುದು? ಯೋಚಿಸುತ್ತ ಕೂತವಳಿಗೆ ಚುನಾವಣೆಯ ಚೀಟಿಯೇ ನೆನಪಾಯಿತು. ಕುರ್ಚಿ ಹನ್ನೊಂದೇ ಇರಲಿ, ಆದರೆ ಒಬ್ಬರು ಹನ್ನೊಂದು ಹೆಸರು ಯಾಕೆ ಬರೆಯಬೇಕು? ಮೂರೇ ಬರೆಯಲಿ! ಕರಾವಳಿಯವರಷ್ಟು ದೊಡ್ಡ ಗುಂಪೂ ಹನ್ನೊಂದು ಕುರ್ಚಿಯನ್ನು ಬಾಚಿಕೊಳ್ಳಲು ಹೋದರೆ ಅವರ ಓಟು ಹನ್ನೊಂದು ಕಡೆ ಹಂಚಿ ತೆಳುವಾಗುತ್ತದೆ. ಸಣ್ಣ ಗುಂಪು ಒಗ್ಗಟ್ಟಾಗಿ ಬರೆದರೆ ತಮ್ಮವರನ್ನು ಗೆಲ್ಲಿಸಿಕೊಳ್ಳಬಹುದು.

ಅಲ್ ಬರ್ಷಾದ ಮನೆಯಲ್ಲಿ ಊಟದ ಮೇಜಿನ ಮೇಲೆ ತೊಗರಿಬೇಳೆ, ಕಡಲೆಕಾಳು ಸುರಿದುಕೊಂಡು ಪರೀಕ್ಷೆ ಮಾಡಿದೆವು. ಬೇಳೆ ಕರಾವಳಿ, ಕಡಲೆ ಉಳಿದವರು. ಹೇಗೆ ಹಂಚಿದರೂ ಕಡಲೆಗೆ ಒಂದಷ್ಟು ಕುರ್ಚಿ ಬಂದೇ ಬರುತ್ತಿತ್ತು. ಶೈಲಜಾಳ ಮಗಳು ಕಾಲೇಜಿನಿಂದ ಬಂದವಳು ಮೇಜು ನೋಡಿ, "ಅತ್ತೆ, ವಾಟ್ ಈಸ್ ದಿಸ್?" ಎಂದಳು. "ಪ್ರಜಾಪ್ರಭುತ್ವ ಕಣಮ್ಮ" ಎಂದೆ. ಶೈಲಜಾ ಬೇಳೆ ಕೈಯಲ್ಲಿ ಹಿಡಿದುಕೊಂಡೇ ಕುಣಿದಳು. ಮರುದಿನವೇ ಶೆಟ್ಟರಿಗೂ ಮಲ್ಲಿಕಾರ್ಜುನರಿಗೂ ವಿಷಯ ಹೇಳಿದೆವು. ಮಲ್ಲಿಕಾರ್ಜುನ, "ಇದು ಆಗ್ತದ್ರೀ" ಎಂದರು. ಶೆಟ್ಟರು, "ಸಭೆಯಲ್ಲಿ ನೋಡುವ" ಎಂದಷ್ಟೇ ಹೇಳಿದರು.

ಭಾನುವಾರ ಸಭಾಂಗಣ ತುಂಬಿತ್ತು. ರಾಸ್ ಅಲ್ ಖೋರ್‌ನಿಂದ ಒಂದು ಬಸ್ಸು ಬಂದು ನಿಂತಾಗ ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಸ್ತ್ರಿ ಅಂಗಿ ಹಾಕಿದ ಗಂಡಸರು ಒಬ್ಬೊಬ್ಬರಾಗಿ ಇಳಿಯುತ್ತಲೇ ಇದ್ದರು. ಅವರೆಲ್ಲ ವರ್ಷಗಳಿಂದ ಸಂಘದ ಸದಸ್ಯರೇ. ಆದರೂ ಬಹಳ ಜನ ಅವರನ್ನು ನೋಡಿದ್ದು ಅಂದೇ ಮೊದಲು.

ಶೈಲಜಾ ತನ್ನ ಹಳೆಯ ತಿದ್ದುಪಡಿ ಹಿಂದಕ್ಕೆ ಪಡೆದು ಹೊಸದನ್ನು ಮಂಡಿಸಿದಳು. ಗದ್ದಲ ಎದ್ದಿತು. "ಇಷ್ಟು ವರ್ಷ ಇಲ್ಲದ್ದು ಈಗ ಎಂತಕ್ಕೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಮಲ್ಲಿಕಾರ್ಜುನ ಎದ್ದು ಆಳಂದದ ಹುಡುಗನ ಸಂಗತಿ ಹೇಳಿದರು. ದನಿ ಏರಿಸಲಿಲ್ಲ, ಯಾರನ್ನೂ ದೂರಲಿಲ್ಲ. ಆ ತಾಯಿಯ ಮಾತು ಬಂದಾಗ ಕೂಗಿದವರು ಕೂತುಕೊಂಡರು.

ಎಲ್ಲರೂ ಶೆಟ್ಟರನ್ನು ನೋಡಿದರು. ಅವರು ಮೈಕಿನ ಹತ್ತಿರ ಬಂದು ಕನ್ನಡಕ ತೆಗೆದು ಒರೆಸಿದರು. "ಈ ವಿಷಯ ನಂಗೆ ಇವತ್ತೇ ಗೊತ್ತಾದದ್ದು. ಅಧ್ಯಕ್ಷನಿಗೇ ಗೊತ್ತಿಲ್ಲ ಅಂದ್ರೆ ಎಂತ ಸಂಘ ಮಾರಾಯ್ರೆ? ಪಾಲು ಮಾಡುವುದಕ್ಕೆ ನಾನು ಈಗ್ಲೂ ಒಪ್ಪುವುದಿಲ್ಲ. ಆದ್ರೆ ಇದು ಪಾಲಲ್ಲ. ನನ್ನ ಕೈ ಮೇಲೆ" ಎಂದು ಕೈ ಎತ್ತಿದರು.

ನಾನು ಮೇಜಿನ ಮೇಲೆ ಹತ್ತಿ ನಿಂತು ಕೈಗಳನ್ನು ಎಣಿಸಿದೆ. ತಪ್ಪಬಾರದೆಂದು ಇನ್ನೊಮ್ಮೆ ಎಣಿಸಿದೆ. ಮೂರನೇ ಎರಡಕ್ಕಿಂತ ಸ್ವಲ್ಪವೇ ಹೆಚ್ಚು! "ಪಾಸಾಗಿದೆ!" ಎಂದು ಕೂಗಿದ ನನ್ನ ದನಿ ನನಗೇ ಕೇಳಿಸಲಿಲ್ಲ, ಅಷ್ಟು ಚಪ್ಪಾಳೆ.

ಮಲ್ಲಿಕಾರ್ಜುನರೂ ಸೇರಿ ನಿಲ್ಲುವವರು ಅಲ್ಲೇ ಹೆಸರು ಕೊಟ್ಟರು, ಹೊಸ ನಿಯಮದಂತೆ ಮತದಾನ ನಡೆಯಿತು. ಸಂಜೆ ಹೊತ್ತಿಗೆ ಎಣಿಕೆ ಮುಗಿಯಿತು. ಶೆಟ್ಟರು ಗೆದ್ದರು, ಕರಾವಳಿಯವರೇ ಹೆಚ್ಚು ಸ್ಥಾನ ಪಡೆದರು. ಮಲ್ಲಿಕಾರ್ಜುನ ತಮ್ಮ ಕಡೆಯ ಇನ್ನೊಬ್ಬರ ಜೊತೆ ಗೆದ್ದರು. ಬಸ್ಸಿನ ಜನ ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಮೈಸೂರು, ಬೆಂಗಳೂರಿನವರಿಗೂ ಒಂದು ಕುರ್ಚಿ ಸಿಕ್ಕಿತು. ಅದು ಶೈಲಜಾಳಿಗಲ್ಲ. ನಮ್ಮವರು ಉತ್ಸಾಹದಲ್ಲಿ ತುಂಬ ಜನ ನಿಂತು ಮತ ಚೆಲ್ಲಾಪಿಲ್ಲಿಯಾಗಿತ್ತು. ಅವಳ ಹೆಸರನ್ನು ಸೋತವರ ಕಡೆ ನಾನೇ ಓದಬೇಕಾಯಿತು. ಅವಳು ಕಣ್ಣು ಒರೆಸಿಕೊಂಡು, ನೇರ ಹೋಗಿ ಮಲ್ಲಿಕಾರ್ಜುನರ ಕೈ ಕುಲುಕಿದಳು.

ನಾನು ಹೊರಡುವ ದಿನ ಶೈಲಜಾ ಕಾರನ್ನು ವಿಮಾನ ನಿಲ್ದಾಣದ ಬಾಗಿಲಿಗೇ ತಂದು ನಿಲ್ಲಿಸಿದಳು. "ಯಲ್ಲಾ ಅತ್ತಿಗೆ, ಬೇಗ ಇಳೀರಿ. ನನಗೆ ಮೀಟಿಂಗಿದೆ" ಎಂದಳು.

"ಸೋತವಳಿಗೆ ಎಂಥಾ ಮೀಟಿಂಗೇ?"

"ಮುಂದಿನ ಚುನಾವಣೇದು. ಈಗಿಂದ್ಲೇ ಶುರು."

"ನಮ್ಮ ಮೈಸೂರಿನವರದಾ?"

"ಅಲ್ಲ, ರಾಸ್ ಅಲ್ ಖೋರ್‌ನಲ್ಲಿ. ಅಲ್ಲಿಂದ ಶೆಟ್ಟರ ಅಂಗಡಿಗೆ" ಎಂದು ನಕ್ಕಳು. "ಗ್ಯಾರೇಜಿನವರಿಗಿರೋದು ಇಬ್ಬರೇ ಅಭ್ಯರ್ಥಿ ಅತ್ತಿಗೆ. ಅವರ ಚೀಟೀಲಿ ಮೂರನೇ ಹೆಸರು ಖಾಲಿ, ಶೆಟ್ಟರ ಕಡೆಯವರ ಹತ್ರಾನೂ ಒಂದು ಜಾಗ ಕೇಳ್ಬೋದು. ಅದು ಯಾಕೆ ನಂದಾಗಬಾರದು?"

ಇಳಿದು ಬಂದು ನನ್ನನ್ನು ಒಮ್ಮೆ ಗಟ್ಟಿಯಾಗಿ ತಬ್ಬಿಕೊಂಡು ಮತ್ತೆ ಕಾರು ಹತ್ತಿದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಪೆಟ್ಟಿಗೆ ಹಿಡಿದು ನಿಂತೇ ಇದ್ದೆ. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ, ತಿರುಗಿ ನೋಡದೆಯೇ ಮೂರು ಬೆರಳು ಎತ್ತಿ ತೋರಿಸುತ್ತ ಹೋದಳು.