ಹಿಂದಕ್ಕೆ ಓಡಿದ ಕುದುರೆ

೧೯೯೮ರಲ್ಲಿ ರೇಣು ಹನ್ನೆರಡನೆಯ ತರಗತಿಯ ಭೌತಶಾಸ್ತ್ರದಲ್ಲಿ ಫೇಲಾದಳು. ಎಂಜಿನಿಯರಿಂಗ್ ಓದಿಯೇ ತೀರುತ್ತೇನೆಂದು ಊರಿಗೆಲ್ಲ ಸಾರಿದ್ದ ಹುಡುಗಿ! ಪುಣೆ ಹತ್ತಿರದ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕಾರಕೂನನಾಗಿದ್ದ ಅಪ್ಪ ಸಿದ್ರಾಮಪ್ಪ ಬೈಯಲಿಲ್ಲ. "ಅಕ್ಟೋಬರದಾಗ ಮತ್ತ ಕೂಡ್ರವಾ. ಪರೀಕ್ಷಾ ಎಲ್ಲಿ ಓಡಿ ಹೋಗ್ತದ?" ಎಂದ.

ಅಷ್ಟರಲ್ಲಿ ಕಾಲೊನಿಯ ಗಣಪತಿಗೆ ಪ್ರತಿವರ್ಷ ಚಲಿಸುವ ಗೊಂಬೆಗಳ ದೃಶ್ಯ ಕಟ್ಟುತ್ತಿದ್ದವರಿಗೆ ವರ್ಗವಾಯಿತು. ಗಣಪತಿ ಮಂಡಳದ ಅಧ್ಯಕ್ಷ ಏಕನಾಥಕಾಕಾ ಚಿಂತೆಯಲ್ಲಿ ಕೂತಿದ್ದನ್ನು ನೋಡಿ, ಈ ಸಲ ತಾನೇ ಮಾಡುತ್ತೇನೆ, ಜೇಜುರಿಯ ಖಂಡೋಬಾ ದೇವರು ಕುದುರೆ ಓಡಿಸುತ್ತ ಭಂಡಾರದ ಅರಿಶಿನ ಎರಚುವಂತೆ ಮಾಡುತ್ತೇನೆ ಎಂದು ರೇಣು ಮರಾಠಿಯಲ್ಲಿ ಒದರಿಬಿಟ್ಟಳು.

"ಓದೂದು ಬಿಟ್ಟು ಕುದುರಿ ಕಟ್ಟತಾಳಂತ! ನೀವರ ಹೇಳ್ರಿ," ಎಂದು ಅವ್ವ ಶಿವಬಸವ್ವ ಗೊಣಗಿದಳು.

"ಕಟ್ಟಲಿ ಬಿಡು," ಎಂದ ಸಿದ್ರಾಮಪ್ಪ.

ಜೊತೆಗೆ ಇಬ್ಬರು ಸಿಕ್ಕರು. ಮೇಲಿನ ಮನೆಯ ಸ್ವಪ್ನಿಲನ ತಂದೆಯದು ಸೈಕಲ್ ಅಂಗಡಿ. ದರ್ಜಿಯ ಮಗಳು ಇಂದೂ ಬಣ್ಣ ಹಚ್ಚುವುದರಲ್ಲಿ ನಿಸ್ಸೀಮಳು. ಸ್ವಪ್ನಿಲ್ ಗುಜರಿಯಿಂದ ಲಾರಿಯ ವೈಪರ್ ಮೋಟರ್ ತಂದ. ಪ್ಲೈವುಡ್ಡಿನ ಕುದುರೆ ಎದ್ದು ನಿಂತಿತು. ಬ್ಯಾಟರಿಗೆ ತಂತಿ ಮುಟ್ಟಿಸಿದ್ದೇ ತಡ, ಖಂಡೋಬಾನನ್ನು ಹೊತ್ತು ಬಾಲ ಮುಂದಾಗಿ ಹಿಂದಕ್ಕೆ ಓಡಿತು!

"ದೇವ್ರು ಜೇಜುರಿಗೆ ವಾಪಸ್ ಹೊಂಟಾನಲೇ!" ಎಂದು ಸ್ವಪ್ನಿಲ್ ನೆಲಕ್ಕೆ ಬಿದ್ದು ನಕ್ಕ.

ತಂತಿ ಅದಲುಬದಲು ಮಾಡಿದರೆ ಮುಂದಕ್ಕೇನೋ ಓಡಿತು, ಆದರೆ ಆ ರಭಸಕ್ಕೆ ದೇವರ ಮೀಸೆ ಹಾರಿ ಇಂದೂವಿನ ಬಣ್ಣದ ಡಬ್ಬಿಗೆ ಬಿತ್ತು. ಮೋಟರಿಗೆ ಸಣ್ಣ ಹಲ್ಲುಚಕ್ರ, ಕುದುರೆಯ ಕಡೆಗೆ ದೊಡ್ಡದು ಹಾಕಿ ಸೈಕಲ್ ಚೈನಿನಿಂದ ಜೋಡಿಸಿದರು. ವೇಗ ಇಳಿಯಿತು, ಬಲ ಏರಿತು. ರೇಣು ಚಪ್ಪಾಳೆ ತಟ್ಟಿ ಕುಣಿದಳು. ತಾನು ಫೇಲಾದ ಭೌತಶಾಸ್ತ್ರದ ಆರನೆಯ ಪಾಠ ಕಣ್ಣೆದುರೇ ತಿರುಗುತ್ತಿತ್ತಲ್ಲ!

ಆದರೂ ಚೈನು ಕಳಚುವುದು ನಿಲ್ಲಲಿಲ್ಲ. ಐದು ಸಲ, ಆರು ಸಲ. ಮೂವರೂ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕಡೆಗೆ ಎಲ್ಲ ಬಿಚ್ಚಿ ಅಳೆದಾಗ ಗುಟ್ಟು ಬಯಲಾಯಿತು: ಚೌಕಟ್ಟಿನ ಒಂದು ಕಾಲನ್ನು ರೇಣು ಸೆಂಟಿಮೀಟರಿನಲ್ಲಿ ಅಳೆದಿದ್ದಳು, ಇನ್ನೊಂದನ್ನು ಇಂದೂ ತನ್ನ ಅಪ್ಪನ ಟೇಪಿನಲ್ಲಿ ಇಂಚು ಹಿಡಿದು ಅಂದಾಜಿಗೆ ಹೊಂದಿಸಿದ್ದಳು; ಚೌಕಟ್ಟು ತುಸು ವಾಲಿತ್ತು. "ಅಗಂ ಬಾಈ!" ಎಂದು ಇಂದೂ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೂವರಿಗೂ ಒಂದೇ ಟೇಪು. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನೋಡದೆ ಗರಗಸ ಮುಟ್ಟುವಂತಿಲ್ಲ.

ಚೌತಿಯ ಸಂಜೆ ಪರದೆ ಸರಿಯಿತು. ಕುದುರೆ ನೆಗೆಯಿತು, ದೇವರ ಕೈ ಏರಿತು, ಒಂದು ಬೊಗಸೆ ಅರಿಶಿನ ಹಾರಿ ನೇರ ಏಕನಾಥಕಾಕಾನ ಬೋಳುತಲೆಯ ಮೇಲೆ! ಹಳದಿ ಮುಖದ ಕಾಕಾ ಎರಡೂ ಕೈಯೆತ್ತಿ, "ಯೇಳಕೋಟ ಯೇಳಕೋಟ!" ಎಂದು ಖಂಡೋಬಾನ ಜಯಕಾರ ಕೂಗಿದ್ದೇ, "ಜಯ ಮಲ್ಹಾರ!" ಎಂದು ಕಾಲೊನಿಗೆ ಕಾಲೊನಿಯೇ ಗರ್ಜಿಸಿತು. ಶಿವಬಸವ್ವ ಎಲ್ಲರಿಗಿಂತ ಮುಂದೆ ನಿಂತು, "ಏಳುಕೋಟಿಗೋ!" ಎಂದು ಅದೇ ಜಯಕಾರವನ್ನು ಕನ್ನಡದಲ್ಲೇ ಕೂಗಿದಳು.

ಅಕ್ಟೋಬರಿನಲ್ಲಿ ರೇಣು ಪಾಸಾದಳು. ಮರುವರ್ಷ ಪುಣೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು.

ಮೊದಲ ದಿನ ಅವಳನ್ನು ಬಿಡಲು ಸಿದ್ರಾಮಪ್ಪ ಲೋಕಲ್ ರೈಲಿನಲ್ಲಿ ಜೊತೆಗೆ ಹೊರಟ. ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ ಅಂದು ಬೋಗಿಯ ಒಬ್ಬೊಬ್ಬರನ್ನೂ ಹಿಡಿದು ಮಗಳ ಸುದ್ದಿ ಹೇಳಿದ. ಎದುರಿಗೆ ಬಾಗಲಕೋಟೆಯ ದಂಪತಿ ಸಿಕ್ಕಿದ್ದೇ ಹಬ್ಬವಾಯಿತು: "ಮಶಿನ್ನಿನ ಎಂಜಿನಿಯರ್ ಆಗ್ತಾಳ್ರಿ ನಮ್ಮ ಹುಡುಗಿ! ಆಕಿ ಕ್ಲಾಸಿನಾಗ ಭಾಳ ಅಂದ್ರ ಮೂರು ಹುಡುಗ್ಯಾರು!"

"ಅಪ್ಪಾ, ನಾವು ಇಳಿಯೂ ಶಿವಾಜಿನಗರ ಹೋತು!" ಎಂದು ರೇಣು ಚೀರಿದಾಗ ರೈಲು ಆಗಲೇ ಮುಂದೆ ಸಾಗಿತ್ತು. ಪುಣೆ ಸ್ಟೇಶನ್ನಿನಲ್ಲಿ ಇಳಿದು, ಅಪ್ಪ ಮಗಳಿಬ್ಬರೂ ನಗುತ್ತ, ಏದುಸಿರು ಬಿಡುತ್ತ ರಿಕ್ಷಾದ ಕಡೆಗೆ ಓಡಿದರು.